ಶೀಬೋಟ್ನ್ ಕಣಿವೆಯ ಹಸಿರು ಇರುಳು

ನಾರ್ವೆಯ ಟ್ರೊಮ್ಸೋ ನಗರದ ಮೇಲೆ ಸಂಜೆಯಿಂದಲೇ ಮೋಡ ಕವಿದಿದ್ದರಿಂದ, ರಾತ್ರಿ ಎಂಟರ ಹೊತ್ತಿಗೆ ಧ್ರುವಪ್ರದೇಶದ ಇರುಳಾಕಾಶದಲ್ಲಿ ಆಡುವ ಬಣ್ಣದ ಬೆಳಕಾದ ಧ್ರುವಪ್ರಭೆಯನ್ನು (ಅರೋರಾ) ನೋಡಲೆಂದು ನಾವು ನಾಲ್ವರು ಬಾಡಿಗೆ ಕಾರಿನಲ್ಲಿ ಇ8 ಹೆದ್ದಾರಿ ಹಿಡಿದು ಫಿನ್‌ಲೆಂಡ್ ಗಡಿಯತ್ತ ಹೊರಟೆವು. ಕಡಲಿನಿಂದ ಬರುವ ತೇವದ ಮೋಡಗಳನ್ನು ಲಿಂಗೆನ್ ಪರ್ವತಸಾಲು ತಡೆಯುವುದರಿಂದ, ಅದರಾಚೆಯ ಶೀಬೋಟ್ನ್ ಕಣಿವೆಯಲ್ಲಿ ಆಕಾಶ ಹೆಚ್ಚಾಗಿ ತಿಳಿಯಾಗಿರುತ್ತದೆ. ಪಶ್ಚಿಮ ಘಟ್ಟದ ಮರೆಯಲ್ಲಿ ಮಳೆಗಾಗಿ ಕಾಯುವ ಬಯಲುಸೀಮೆಯಲ್ಲಿ ಬೆಳೆದ ನನಗೆ ಈ ಲೆಕ್ಕ ಬಿಡಿಸಿ ಹೇಳಬೇಕಾಗಿರಲಿಲ್ಲ. ದಾರಿಯುದ್ದಕ್ಕೂ ಟೈರಿನ ಮೊಳೆಗಳು ಮಂಜುಗಡ್ಡೆಯನ್ನು ಕಚ್ಚುವ ಕರಕರ ಸದ್ದೊಂದೇ ಕೇಳುತ್ತಿತ್ತು.

ಹನ್ನೊಂದರ ಸುಮಾರಿಗೆ ರಸ್ತೆಬದಿಯ ತಂಗುದಾಣದಲ್ಲಿ ದೀಪಗಳನ್ನೆಲ್ಲ ಆರಿಸಿ ಕೆಳಗಿಳಿದೆವು. ಬೆಟ್ಟದ ನೆತ್ತಿಯ ಮೇಲಿದ್ದ ಮಾಸಲು ಬೂದು ಪಟ್ಟಿಯನ್ನು ನಾನು ಮೊದಲು ಮೋಡವೆಂದೇ ತಿಳಿದಿದ್ದೆ. ಕಣ್ಣು ಕತ್ತಲಿಗೆ ಒಗ್ಗಿದಂತೆ ಅದು ಹಸಿರಾಯಿತು, ಮಡಿಕೆ ಮಡಿಕೆಯಾಗಿ ಗಾಳಿಗೆ ಹಾರುವ ಸೆರಗಿನಂತೆ ನಮ್ಮ ತಲೆಯ ಮೇಲಕ್ಕೇ ಬಂದಿತು, ಅಂಚಿನಲ್ಲಿ ಕ್ಷಣಕಾಲ ತೆಳುಗುಲಾಬಿ ಮಿನುಗಿತು. ಭೂಮಿಯ ಕಾಂತಕ್ಷೇತ್ರದ ರೇಖೆಗಳಗುಂಟ ಧಾವಿಸುವ ಎಲೆಕ್ಟ್ರಾನುಗಳು ಸುಮಾರು 100 ಕಿಲೋಮೀಟರ್ ಎತ್ತರದಲ್ಲಿ ಆಮ್ಲಜನಕದ ಪರಮಾಣುಗಳನ್ನು ಕೆರಳಿಸಿದಾಗ ಈ ಹಸಿರು ಹುಟ್ಟುತ್ತದೆ, 200 ಕಿಲೋಮೀಟರಿಗೂ ಮೇಲೆ ಅದೇ ಆಮ್ಲಜನಕ ಕೆಂಪು ಸೂಸುತ್ತದೆ ಎಂದು ಓದಿಕೊಂಡೇ ಹೋಗಿದ್ದೆ. ಆ ಓದು ಬೆರಗನ್ನು ಕಿಂಚಿತ್ತೂ ಕಡಿಮೆ ಮಾಡಲಿಲ್ಲ. ಅಷ್ಟೊಂದು ಚಲನೆಗೆ ಒಂದಿಷ್ಟೂ ಸದ್ದಿರಲಿಲ್ಲವೆಂಬುದು ಮಾತ್ರ ನನ್ನನ್ನು ಬಹಳ ಕಲಕಿತು.

ಕೈಗವಸು ತೆಗೆದ ಬೆರಳು ನಾಲ್ಕೇ ಚಿತ್ರಗಳಿಗೆ ಮರಗಟ್ಟಿತು. ಕ್ಯಾಮೆರಾ ಒಳಗಿಟ್ಟು ತಲೆ ತಗ್ಗಿಸಿದಾಗ, ಕಾಲಬುಡದ ಹಿಮವೂ ಹಸಿರಾಗಿತ್ತು.