ಸತ್ತ ಪೈನ್ ಮರದೊಳಗೆ ನಾನು ಎಣಿಸದೆ ಬಿಟ್ಟದ್ದು

ಪಶ್ಚಿಮ ಜಪಾನಿನ ಒಂದು ಲ್ಯಾಬ್‌ನಲ್ಲಿ ನನಗೆ ಮೊದಲು ಸಿಕ್ಕ ಕೆಲಸ, ಸತ್ತ ಪೈನ್ ದಿಮ್ಮಿಗಳನ್ನು ಸೀಳಿ ಎಣಿಸುವುದು. ಉಳಿ, ಸುತ್ತಿಗೆ, ಚಿಮಟ, ಒಂದು ನೋಟ್‌ಬುಕ್. ದುಂಬಿ ಹೊರಬಿದ್ದ ತೂತು ಎಷ್ಟು, ಒಳಗೇ ಸತ್ತದ್ದು ಎಷ್ಟು ಅಂತ ಬರೆಯಬೇಕಿತ್ತು. ಎರಡು ವಾರ ಹಾಗೇ ಮಾಡಿದೆ.

ಇಲ್ಲಿನ ಪೈನ್ ಮರಗಳನ್ನು ಒಣಗಿಸುವುದು ಒಂದು ನೆಮಟೋಡ್, ಅಂದರೆ ದಾರದಂಥ ಸಣ್ಣ ಹುಳು. ಉದ್ದ ಸುಮಾರು ಒಂದು ಮಿಲಿಮೀಟರ್. ಉತ್ತರ ಅಮೆರಿಕದಿಂದ ಬಂದದ್ದು. ನಾಗಸಾಕಿ ಕಡೆ ಮರಗಳು ಸಾಯುವುದು 1905ರ ಹೊತ್ತಿಗೇ ಕಣ್ಣಿಗೆ ಬಿದ್ದಿತ್ತು. ಈ ಹುಳುವೇ ಕಾರಣ ಎಂದು ತೋರಿಸಲು 1971 ಆಗಬೇಕಾಯಿತು. ಅದು ತಾನಾಗಿ ಮರದಿಂದ ಮರಕ್ಕೆ ಹೋಗಲಾರದು. ಮೊನೊಕಾಮಸ್ ಎಂಬ ಉದ್ದ ಮೀಸೆಯ ದುಂಬಿಯ ಉಸಿರುನಾಳದೊಳಗೆ ಸಾವಿರಗಟ್ಟಲೆ ಸೇರಿಕೊಂಡು ಹೋಗುತ್ತದೆ. ದುಂಬಿ ಎಳೆ ರೆಂಬೆಯ ತೊಗಟೆ ಕೆರೆದು ತಿನ್ನುವಾಗ ಆ ಗಾಯದಿಂದ ಮರದೊಳಗೆ ಇಳಿಯುತ್ತದೆ. ಮರ ಸೊರಗುತ್ತದೆ. ಸೊರಗಿದ ಮರವನ್ನೇ ಹುಡುಕಿ ಬಂದು ದುಂಬಿ ಮೊಟ್ಟೆ ಇಡುತ್ತದೆ. ಹೀಗೆ ಇಬ್ಬರಿಗೂ ಲಾಭ.

ಜುಲೈನಲ್ಲಿ ಒಂದು ದಿನ ಸೀನಿಯರ್ ಒಬ್ಬರು ನನ್ನ ಮೇಜಿನ ಹತ್ತಿರ ಬಂದರು. ನೋಟ್‌ಬುಕ್ಕಿನಲ್ಲಿ ನಾನು ಸಾಲು ಸಾಲಾಗಿ 'ಸತ್ತಿದೆ, ಕಾರಣ ಗೊತ್ತಿಲ್ಲ' ಎಂದು ಬರೆದಿದ್ದೆ. ಅವರು ಏನೂ ಹೇಳಲಿಲ್ಲ. ಕಸದ ಬುಟ್ಟಿಯನ್ನು ಬಿಳಿ ಟ್ರೇ ಮೇಲೆ ಸುರಿದು, ಹೊಟ್ಟಿನ ನಡುವಿನಿಂದ ಕಂದು ಬಣ್ಣದ ಪುಟ್ಟ ಪುಟ್ಟ ಗೂಡುಗಳನ್ನು ಆರಿಸಿ ಇಟ್ಟರು. ನಾನು ಅವನ್ನು ಮರದ ಪುಡಿ ಅಂದುಕೊಂಡು ಕೆರೆದು ಎಸೆದಿದ್ದೆ.

ಅವು ಡಾಸ್ಟಾರ್ಕಸ್ ಎಂಬ ಇನ್ನೊಂದು ದುಂಬಿಯ ಗೂಡುಗಳು. ಇದರ ಬದುಕು ಕೇಳಿದರೆ ಬೆರಗಾಗುತ್ತದೆ. ಮೊಟ್ಟೆಯಿಂದ ಬಂದ ಮರಿಗೆ ಕಾಲಿರುತ್ತವೆ. ಸುರಂಗದೊಳಗೆ ನಡೆದು ಹೋಗಿ ಮೊನೊಕಾಮಸ್‌ನ ದಪ್ಪ ಮರಿಹುಳುವನ್ನು ಹುಡುಕುತ್ತದೆ. ಸಿಕ್ಕ ಮೇಲೆ ಕಾಲು ಬೇಕಿಲ್ಲ, ಅವು ಹೋಗಿಬಿಡುತ್ತವೆ. ಅದರ ಮೈಗೆ ಅಂಟಿಕೊಂಡು ಹೊರಗಿನಿಂದಲೇ ತಿನ್ನುತ್ತದೆ. ಒಂದೇ ಹುಳುವಿನ ಮೇಲೆ ಹಲವು ಮರಿ ಬೆಳೆಯಬಹುದು. ಕೊನೆಗೆ ಉಳಿಯುವುದು ಸುಕ್ಕಿದ ಚರ್ಮ, ಪಕ್ಕದಲ್ಲಿ ಗೂಡುಗಳು.

ನನ್ನದು ಶಿಡ್ಲಘಟ್ಟ ಕಡೆಯ ರೇಷ್ಮೆ ಮನೆ. ಊಜಿ ನೊಣ ಹುಳದ ಮೈಮೇಲೆ ಮೊಟ್ಟೆ ಇಟ್ಟು, ಮರಿಗಳು ಒಳಗಿನಿಂದ ತಿಂದು ಬೆಳೆ ಹಾಳಾದದ್ದು ಚಿಕ್ಕಂದಿನಿಂದ ನೋಡಿದ್ದೇನೆ. ಆದರೂ ಇಲ್ಲಿ ಹೊಳೆಯಲಿಲ್ಲ. ತೂತುಗಳನ್ನು ಎಣಿಸಲು ಹೇಳಿದ್ದರು, ಕಣ್ಣು ತೂತುಗಳನ್ನೇ ಹುಡುಕುತ್ತಿತ್ತು. ಆ ಎರಡು ವಾರದ ಲೆಕ್ಕ ಪೂರ್ತಿ ಬಿಟ್ಟೆವು. ಎಸೆದ ದಿಮ್ಮಿಗಳನ್ನು ಮತ್ತೆ ತರಲು ಆಗಲಿಲ್ಲ, ಅದು ಇವತ್ತಿಗೂ ನೋವು.

ಈಗ ಹೊಸದಾಗಿ ಬರುವವರಿಗೆ ನಾನು ಮೊದಲು ಗೂಡು ತೋರಿಸುತ್ತೇನೆ. ಆಮೇಲೆ ಉಳಿ ಕೊಡುತ್ತೇನೆ.

ಮೊನೊಕಾಮಸ್‌ಗೆ ಇನ್ನೊಂದು ಶತ್ರು ಸ್ಕ್ಲೆರೊಡರ್ಮಸ್ ಕಣಜ. ಚೀನಾದಲ್ಲಿ ಇದನ್ನು ಸಾಕಿ, ಸಣ್ಣ ಗಾಜಿನ ಕೊಳವೆಗಳಲ್ಲಿ ಕಾಡಿಗೆ ಒಯ್ದು ಬಿಡುತ್ತಾರೆ. ನೋಡಲು ಇರುವೆ ಥರ, ಹೆಣ್ಣುಗಳಿಗೆ ಹೆಚ್ಚಾಗಿ ರೆಕ್ಕೆ ಇಲ್ಲ. ದುಂಬಿಯ ಮರಿಹುಳುವನ್ನು ಕುಟುಕಿ ಮರಗಟ್ಟಿಸಿ, ಅದರ ಮೇಲೆ ಮೊಟ್ಟೆ ಇಟ್ಟು, ತಾಯಿ ಅಲ್ಲೇ ಕಾವಲು ನಿಲ್ಲುತ್ತಾಳೆ. ಆದರೆ ಇದಕ್ಕೆ ಸುಲಭವಾಗಿ ದಕ್ಕುವುದು ತೊಗಟೆ ಕೆಳಗಿನ ಸಣ್ಣ ಮರಿಹುಳು. ಅದು ಬಲಿತು ಕಟ್ಟಿಗೆಯೊಳಗೆ ಕೊರೆದು ಹೋದರೆ ಡಾಸ್ಟಾರ್ಕಸ್ ಬೇಕು. ಯಾವುದನ್ನು ಕಾಡಿಗೆ ಬಿಡಬೇಕು ಅನ್ನುವುದನ್ನು ಮರಿಹುಳುವಿನ ವಯಸ್ಸು ನೋಡಿಯೇ ತೀರ್ಮಾನಿಸಬೇಕು.

ಇವುಗಳಿಂದಲೇ ಕಾಡು ಉಳಿಯುತ್ತದೆ ಎಂದು ನಾನು ಹೇಳಲ್ಲ. ರೋಗ ಬಂದ ಮರವನ್ನು ದುಂಬಿ ಹೊರಬೀಳುವ ಮೊದಲೇ ಕಡಿದು ಸುಡುವುದು, ಚೂರು ಮಾಡುವುದು ಅಥವಾ ಮುಚ್ಚಿ ಔಷಧಿ ಹೊಗೆ ಹಾಕುವುದು ಈಗಲೂ ಬೇಕೇ ಬೇಕು. ಆದರೆ ಹಾಗೆ ಮಾಡುವಾಗ ಒಳಗಿದ್ದ ನಮ್ಮ ಕಡೆಯವರೂ ಸಾಯುತ್ತಾರೆ, ಅಲ್ವಾ? ಅದಕ್ಕೇ ಕೆಲವು ದಿಮ್ಮಿಗಳನ್ನಾದರೂ ತಂತಿ ಜಾಲರಿಯ ಪಂಜರದಲ್ಲಿ ಇಡೋಣ ಎಂದು ಕೇಳಿಕೊಂಡೆ, ಒಪ್ಪಿದರು.

ಕಳೆದ ವಾರ ಆ ಪಂಜರದಿಂದ ಹನ್ನೊಂದು ಡಾಸ್ಟಾರ್ಕಸ್ ಸಿಕ್ಕವು. ಒಂದು ಕಪ್ಪು ಪೈನ್ ಮರದ ಬುಡಕ್ಕೆ ಒಯ್ದು ಬಿಟ್ಟೆ. ಮುಟ್ಟಿದರೆ ಇವು ಸತ್ತಂತೆ ಬಿದ್ದುಕೊಳ್ಳುತ್ತವೆ. ಸುಮ್ನೆ ಕೂತು ಕಾದೆ. ಒಂದೊಂದಾಗಿ ಎದ್ದು ಕಾಂಡ ಹತ್ತಿದವು. ಮೈ ತೊಗಟೆಯದೇ ಬಣ್ಣ, ಸ್ವಲ್ಪ ಹೊತ್ತಿಗೆ ಯಾವುದೂ ಕಾಣಲಿಲ್ಲ.