‘ಕೊರತೆಪಡೆನು’ ಗಂಟಲಿಗೆ ಸಿಕ್ಕಿಕೊಂಡ ವಾರ

ಮೂರು ವರ್ಷ ಜನವರಿ 1ಕ್ಕೆ ನಾನು ಇಡೀ ಬೈಬಲ್ ಓದುವ ಪಟ್ಟಿ ಹಿಡಿದು ಕೂತಿದ್ದೇನೆ. 66 ಪುಸ್ತಕ, 1189 ಅಧ್ಯಾಯ. ದಿನಕ್ಕೆ ಮೂರೋ ನಾಲ್ಕೋ ಓದಿದರೆ ಡಿಸೆಂಬರ್‌ಗೆ ಮುಗಿಯುತ್ತದೆ. ಎರಡು ಸಲ ಮೂರನೇ ಪುಸ್ತಕ ಯಾಜಕಕಾಂಡದಲ್ಲೇ ಸುಸ್ತಾದೆ. ಒಂದು ಸಲ ಮುಗಿಸಿದೆ, ಖುಷಿಯೂ ಆಯಿತು. ಆದರೆ ಬೆಳಿಗ್ಗೆ ಏನು ಓದಿದೆ ಅಂತ ಮಧ್ಯಾಹ್ನ ಡಬ್ಬಿ ಬಿಚ್ಚುವಾಗ ಯಾರಾದರೂ ಕೇಳಿದ್ದರೆ ಸುಮ್ನೆ ಮುಖ ನೋಡುತ್ತಿದ್ದೆ. ಟಿಕ್ ಹಾಕಿದ್ದು ಮಾತ್ರ ನೆನಪಿರುತ್ತಿತ್ತು.

ಈಗ ಪಟ್ಟಿ ಬಿಟ್ಟಿದ್ದೇನೆ. ವಾರಕ್ಕೆ ಒಂದೇ ವಚನ. ಚೀಟಿಯಲ್ಲಿ ಬರೆದು ಸಿಂಕ್ ಮೇಲಿನ ಟೈಲ್ಸ್‌ಗೆ ಅಂಟಿಸುತ್ತೇನೆ, ನೀರು ಸಿಡಿದು ಗುರುವಾರದ ಹೊತ್ತಿಗೆ ಅಕ್ಷರ ಕಲಸಿಹೋಗಿರುತ್ತದೆ, ಅಷ್ಟರಲ್ಲಿ ಚೀಟಿ ಬೇಕಾಗಿಯೂ ಇರುವುದಿಲ್ಲ.

ಧ್ಯಾನ ಅಂದರೆ ಕಣ್ಣು ಮುಚ್ಚಿ ಮನಸ್ಸು ಖಾಲಿ ಮಾಡಿ ಕೂರುವುದು ಅಂತ ಬಹಳ ದಿನ ಅಂದುಕೊಂಡಿದ್ದೆ. ಬೈಬಲಿನ ಕೀರ್ತನೆಗಳ ಪುಸ್ತಕದ ಮೊದಲನೇ ಕೀರ್ತನೆಯಲ್ಲಿ ಹಗಲಿರುಳು ಧ್ಯಾನಿಸುವವನ ಮಾತು ಬರುತ್ತದಲ್ಲ, ಅಲ್ಲಿರುವ ಹೀಬ್ರೂ ಪದ ‘ಹಾಗಾ’. ಅದಕ್ಕೆ ಗೊಣಗುವುದು, ಬಾಯೊಳಗೇ ಹೇಳಿಕೊಳ್ಳುವುದು ಎಂಬ ಅರ್ಥವಿದೆ. ಪ್ರವಾದಿ ಯೆಶಾಯನ ಪುಸ್ತಕದ 31ನೇ ಅಧ್ಯಾಯದಲ್ಲಿ ಬೇಟೆ ಹಿಡಿದ ಸಿಂಹ ಗುರುಗುಟ್ಟುವುದಕ್ಕೂ ಅದೇ ಪದ, 38ರಲ್ಲಿ ಪಾರಿವಾಳ ನರಳುವುದಕ್ಕೂ ಅದೇ. ಅಂದರೆ ಸದ್ದಿರುವ ಕೆಲಸ. ಮೊನ್ನೆ ಹುಬ್ಬಳ್ಳಿಗೆ ಹೋಗುವ ಚಿಗರಿ ಬಸ್ಸಿನಲ್ಲಿ ನಾನು ಹೀಗೆ ಗೊಣಗುತ್ತಿದ್ದಾಗ ಪಕ್ಕದ ಸೀಟಿನವರು, “ಯಾಕ್ರೀ ಅಕ್ಕಾರ, ಆರಾಮ ಇಲ್ಲೇನ್ರಿ?” ಅಂತ ನೀರಿನ ಬಾಟಲಿ ಕೊಟ್ಟರು. ಕುಡಿದೆ, ಇನ್ನೇನು ಹೇಳಲಿ!

ಆಗ ನನ್ನ ಬಾಯಲ್ಲಿದ್ದದ್ದು 23ನೇ ಕೀರ್ತನೆಯ ಮೊದಲ ವಚನ. “ಯೆಹೋವನು ನನಗೆ ಕುರುಬನು, ಕೊರತೆಪಡೆನು.” ಚಿಕ್ಕವಳಿದ್ದಾಗ ಸಂಡೇ ಸ್ಕೂಲಿನಲ್ಲಿ ಇದನ್ನು ಕಂಠಪಾಠ ಮಾಡಿ ಬಹುಮಾನವೂ ತಗೊಂಡಿದ್ದೆ, ಆದರೆ ‘ಕೊರತೆಪಡೆನು’ ಅಂದರೆ ಕೊರತೆ ಪಡೆಯುತ್ತೇನೆ ಅಂತಲೇ ತಿಳಿದಿದ್ದೆ. ದೇವರು ಕುರುಬ, ಆದ್ದರಿಂದ ನನಗೆ ಕೊರತೆ. ಮಕ್ಕಳಿಗೆ ಅದೂ ಸರಿಯಾಗೇ ಕಾಣುತ್ತದೆ! ‘ಪಡೆನು’ ಅಂದರೆ ಪಡುವುದಿಲ್ಲ, ಇದು ಹಳೆಯ ರೂಪ, ನಮ್ಮ ಧಾರವಾಡದ ಕಡೆ ಇನ್ನೂ ಆಡುವ ‘ಒಲ್ಲೆ’ಯ ಹಾಗೆ ಅಂತ ಗೊತ್ತಾಗಿದ್ದು ಹೈಸ್ಕೂಲಿನಲ್ಲಿ.

ಅರ್ಥ ಗೊತ್ತಾದರೂ ಈ ಸಲ ಅದು ಒಳಗಿಳಿಯಲಿಲ್ಲ. ನಾನು ಕೆಲಸ ಮಾಡುವಲ್ಲಿ ಎರಡು ತಿಂಗಳಿಂದ ಸಂಬಳ ಆಗಿಲ್ಲ. ಮಗನ ಫೀಸು ಬಾಕಿ. ಅಂಥ ವಾರದಲ್ಲಿ ಪಾತ್ರೆ ತಿಕ್ಕುತ್ತಾ ‘ಕೊರತೆಪಡೆನು’ ಅನ್ನುವುದು ಸುಳ್ಳು ಹೇಳಿದ ಹಾಗೆ ಅನ್ನಿಸಿತು. ಮಂಗಳವಾರ ಸಿಟ್ಟು ಬಂದು ಚೀಟಿ ಕಿತ್ತೆ. ಬುಧವಾರ ಮತ್ತೆ ಅಂಟಿಸಿದೆ. ಪಟ್ಟಿ ಹಿಡಿದು ಓದುತ್ತಿದ್ದರೆ ಈ ಜಗಳವೇ ಆಗುತ್ತಿರಲಿಲ್ಲ, ಅಷ್ಟೊತ್ತಿಗೆ 30ನೇ ಕೀರ್ತನೆ ದಾಟಿರುತ್ತಿದ್ದೆ.

ಶನಿವಾರ ಊರ ಹೊರಗೆ ಜೋಳ ಕೊಯ್ದ ಹೊಲದಲ್ಲಿ ಕುರಿ ಹಿಂಡು ತಂಗಿತ್ತು. ರಾತ್ರಿ ಕುರಿ ನಿಲ್ಲಿಸಿದರೆ ಹೊಲಕ್ಕೆ ಗೊಬ್ಬರ ಆಗುತ್ತದೆ ಅಂತ ರೈತರೇ ದುಡ್ಡೋ ಕಾಳೋ ಕೊಟ್ಟು ಕರೆಸುತ್ತಾರೆ. ಗಾಡಿ ನಿಲ್ಲಿಸಿದೆ. ಕುರಿಗಳು ಮಲಗಿ ಮೆಲುಕು ಹಾಕುತ್ತಿದ್ದವು, ಒಂದರ ದವಡೆ ಎಡಕ್ಕೊಮ್ಮೆ ಬಲಕ್ಕೊಮ್ಮೆ, ನುಂಗಿ ಸ್ವಲ್ಪ ಹೊತ್ತು ಸುಮ್ಮನಿದ್ದು, ಮತ್ತೆ ಗಂಟಲಿನಿಂದ ಉಂಡೆ ಮೇಲೆ ಬಂದಿದ್ದು ಕಾಣಿಸುತ್ತಿತ್ತು. ಕುರುಬನ ಹತ್ತಿರ ಒಂದು ದೊಣ್ಣೆ, ಜೊತೆಗೆ ತುದಿಗೆ ಕುಡುಗೋಲು ಕಟ್ಟಿದ ಉದ್ದನೆಯ ಕೋಲು, ಜಾಲಿ ಟೊಂಗೆ ಕೆಡವಲು. ಇದೇ ಕೀರ್ತನೆಯಲ್ಲಿ ದಾವೀದ ಹೇಳುವ ದೊಣ್ಣೆ, ಕೋಲು ನೆನಪಾದವು, ಆದರೂ ಒಂದಕ್ಕೊಂದು ತಾಳೆ ಹಾಕುವುದು ಬೇಡ, ಅಲ್ಲಿಯ ‘ಕೋಲು’ ಊರಿಕೊಂಡು ನಿಲ್ಲುವ ಕೋಲು.

ನಾಳೆ ಎಲ್ಲಿಗೆ ಅಂತ ಕೇಳಿದೆ. “ಮೇವು ಎಲ್ಲೈತಿ ಅಂತ ಕುರಿಗೇನ್ ಗೊತ್ತಾಗ್ತೈತ್ರಿ? ನಾವ ಮುಂದ ಹೋಗಿ ಹೊಲ ನೋಡ್ಕೊಂಡ್ ಬರ್ಬೇಕು” ಅಂದ.

ಆ ಹೊಲದಲ್ಲಿ ಹಸಿರು ಕಡಿಮೆಯೇ ಇತ್ತು. ಕುರಿಗಳು ಮಾತ್ರ ನಿಶ್ಚಿಂತೆಯಾಗಿ ಮಲಗಿದ್ದವು. ದಾವೀದನೂ ಹಸಿರುಗಾವಲಿನ ಮಾತು ಎತ್ತುವುದು ಎರಡನೇ ವಚನದಲ್ಲಿ ಅಲ್ವಾ? ಕುರುಬ ಯಾರು ಅಂತ ಮೊದಲು ಹೇಳಿದ. ಗಾಡಿ ಸ್ಟಾರ್ಟ್ ಮಾಡುವಾಗ ಆ ಪದ ಬಾಯಿಗೆ ಬಂತು, ಈ ಸಲ ಕಹಿ ಅನ್ನಿಸಲಿಲ್ಲ. ಸಂಬಳ ಇನ್ನೂ ಆಗಿಲ್ಲ, ಅದನ್ನೂ ಹೇಳಿಬಿಡುತ್ತೇನೆ.

ಒಂದೇ ವಚನ ಹಿಡಿಯುವುದರಲ್ಲಿ ಅಪಾಯವೂ ಇದೆ. ಯೆರೆಮೀಯ 29:11 ವಾಟ್ಸಾಪಿನಲ್ಲಿ ಹೂವಿನ ಚಿತ್ರದ ಜೊತೆ ಬರುತ್ತದೆ, ಒಳ್ಳೆಯ ಭವಿಷ್ಯ ಕೊಡುತ್ತೇನೆ ಅನ್ನುವ ಮಾತು. ಅದರ ಹಿಂದಿನ ವಚನದಲ್ಲಿ, ಸೆರೆಹೋದ ಜನರಿಗೆ, ಬಾಬೆಲಿನಲ್ಲಿ 70 ವರ್ಷ ಕಳೆದ ಮೇಲೆ ಅಂತಿದೆ, ಅದನ್ನು ಯಾರೂ ಫಾರ್ವರ್ಡ್ ಮಾಡಲ್ಲ. ಅದಕ್ಕೇ ಭಾನುವಾರ ಇಡೀ ಅಧ್ಯಾಯ ಓದಿ, ಆಮೇಲೇ ಚೀಟಿ ಬರೆಯುತ್ತೇನೆ.

23ನೇ ಕೀರ್ತನೆಯ ನಾಲ್ಕನೇ ವಚನ ತಲುಪಿದಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಅಲ್ಲಿಯವರೆಗೆ ದೇವರನ್ನು ‘ಆತನು’ ಅನ್ನುತ್ತಿದ್ದ ದಾವೀದ ಕಾರ್ಗತ್ತಲಿನ ಕಣಿವೆಗೆ ಬಂದ ಕೂಡಲೇ ‘ನೀನು’ ಅನ್ನುತ್ತಾನೆ. ನೂರು ಸಲ ಹಾಡಿದ್ದೇನೆ, ಗಮನಿಸಿರಲಿಲ್ಲ.

ಈ ವಾರ ಐದನೆಯದು, ವೈರಿಗಳ ಎದುರಿಗೇ ಊಟ ಬಡಿಸುವ ಮಾತು. ಚೀಟಿ ಅಂಟಿಸಿದ್ದೇನೆ. ಓದಿದಾಗಲೆಲ್ಲ ಆಫೀಸಿನ ಒಬ್ಬರ ಮುಖವೇ ಕಣ್ಣಮುಂದೆ ಬರುತ್ತದೆ, ಅವರೂ ಮಧ್ಯಾಹ್ನ ನನ್ನ ಟೇಬಲ್ಲಿನ ಎದುರಿಗೇ ಡಬ್ಬಿ ಬಿಚ್ಚುತ್ತಾರೆ.