ಸುಣ್ಣದ ಗೆರೆಯ ಮೇಲೆ ಮಂಗಳ

2023ರ ಜುಲೈ 14, ಶುಕ್ರವಾರ. ಮಧ್ಯಾಹ್ನ 2.35ಕ್ಕೆ ಚಂದ್ರಯಾನ-3 ಮೇಲೇರಿದ್ದನ್ನು ಕಲಬುರಗಿಯ ಶಾಲೆಯೊಂದರಲ್ಲಿ ಎಂಟನೇ ತರಗತಿಯವರೆಲ್ಲ ಒಂದೇ ಟಿವಿಗೆ ಮುಗಿಬಿದ್ದು ನೋಡಿದರು. ಚಪ್ಪಾಳೆ ನಿಲ್ಲುವಷ್ಟರಲ್ಲಿ ಹಿಂದಿನ ಸಾಲಿನಿಂದ ಒಂದು ದನಿ: "ಐದು ನಿಮಿಷ ತಡ ಮಾಡಿ ಬಿಟ್ಟಿದ್ರ ಏನಾಗ್ತಿತ್ರಿ ಸರ?"

ಐದು ಬೇಡ, ನಾಲ್ಕೇ ಸಾಕು. ಅಷ್ಟರಲ್ಲಿ ಭೂಮಿ ಒಂದು ಡಿಗ್ರಿ ತಿರುಗಿ ಶ್ರೀಹರಿಕೋಟಾವನ್ನು ಸುಮಾರು 108 ಕಿ.ಮೀ. ಪೂರ್ವಕ್ಕೆ ಒಯ್ದಿರುತ್ತದೆ, ಹೆಚ್ಚುಕಡಿಮೆ ಇಲ್ಲಿಂದ ಬೀದರಿನಷ್ಟು. ನೌಕೆ ಸುತ್ತಬೇಕಾದ ಕಕ್ಷೆ ಹರಡಿಕೊಂಡ ಸಮತಲ ಮಾತ್ರ ಭೂಮಿಯ ಜೊತೆ ತಿರುಗದೆ ಇದ್ದಲ್ಲೇ ಇರುತ್ತದೆ. ಭೂಮಿಗೆ ಹತ್ತಿರದ ಕಕ್ಷೆಯಲ್ಲಿ ಒಂದು ಡಿಗ್ರಿ ಓರೆ ತಿದ್ದಬೇಕೆಂದರೆ ಸೆಕೆಂಡಿಗೆ 130 ಮೀಟರಿನಷ್ಟು ವೇಗಕ್ಕಾಗುವ ಇಂಧನ ಸುಡಬೇಕು.

ಮಂಗಳ ಗ್ರಹಕ್ಕೆ ನೌಕೆಯನ್ನು ಯಾವಾಗ ಬಿಡಬೇಕೆಂಬ ಲೆಕ್ಕ ಮಾತ್ರ ಬಾಯಿಮಾತಿನಲ್ಲಿ ತಲೆಗೆ ಹತ್ತುವಂಥದ್ದಲ್ಲ. ಮೈದಾನಕ್ಕೇ ಹೋಗಬೇಕಾಯಿತು. ಸೂರ್ಯನ ಜಾಗಕ್ಕೆ ಒಂದು ಗೂಟ, ಜೊತೆಗೆ ಹಗ್ಗ, ಸುಣ್ಣದ ಪುಡಿ. ಎರಡು ಮೀಟರಿಗೆ ಭೂಮಿಯ ವೃತ್ತ, ಮೂರಕ್ಕೆ ಮಂಗಳನದು, ಗಡಿಯಾರದಂತೆ 12 ಗುರುತು. ಒಂದು ಎಣಿಕೆ ಅಂದರೆ ಒಂದು ತಿಂಗಳು: ಭೂಮಿ ಒಂದು ಗುರುತು ಮುಂದಕ್ಕೆ, ಮಂಗಳ ಅರ್ಧಕ್ಕಿಂತ ತುಸು ಹೆಚ್ಚು, 83 ಸೆಂ.ಮೀ. ಈ ಹೆಜ್ಜೆ ತಪ್ಪಿದರೆ ಆಟವೇ ಕೆಡುತ್ತದೆ, ಅದಕ್ಕೆ ಅಳತೆಪಟ್ಟಿ ಹಿಡಿದೇ ನಡೆಸಿದ್ದು. ನೌಕೆಯಾದ ಹುಡುಗಿ ಮೆಲ್ಲಗೆ ಹೊರಕ್ಕೆ ಸರಿಯುತ್ತ ಎಂಟೂವರೆ ಎಣಿಕೆಗೆ ಎದುರು ಬದಿಯ ಆರನೇ ಗುರುತು ಮುಟ್ಟಬೇಕು. ಕಡಿಮೆ ಇಂಧನದ ದಾರಿ ಅದು.

ಮೊದಲ ಸಲ ಭೂಮಿ, ಮಂಗಳ, ನೌಕೆಯಾದ ಮೂವರೂ ಒಂದೇ ಗುರುತಿನಿಂದ ಹೊರಟರು. ಹುಡುಗಿ ಆರಕ್ಕೆ ಬಂದು ನಿಂತಾಗ ಮಂಗಳ ಇನ್ನೂ ನಾಲ್ಕೂವರೆಯಲ್ಲಿ. "ಏ, ಲಗೂ ಬಾರೋ!" ಅಂತ ಎಲ್ಲರ ಕೂಗು. ಮಂಗಳ ಯಾರ ಮಾತಿಗೂ ಓಡುವವನಲ್ಲ. ಎರಡನೇ ಸಲ ಅವನನ್ನು ಒಂದೂವರೆ ಗುರುತು, ಅಂದರೆ ಸುಮಾರು 44 ಡಿಗ್ರಿ, ಮುಂದೆ ನಿಲ್ಲಿಸಿದ್ದಾಯಿತು. ಆರನೇ ಗುರುತಿನಲ್ಲಿ ಇಬ್ಬರಿಗೂ ಡಿಕ್ಕಿ.

ಆ ಅಂತರ ಮತ್ತೆ ಕೂಡಿಬರಲು ಸುಮಾರು 26 ತಿಂಗಳು ಬೇಕು. 2013ರಲ್ಲಿ ಮಂಗಳಯಾನ ಅಕ್ಟೋಬರ್ 28ಕ್ಕೆ ಹೊರಡಬೇಕಿತ್ತು. ರಾಕೆಟ್ ಮೇಲೆ ನಿಗಾ ಇಡುವ ಹಡಗು ಪೆಸಿಫಿಕ್‌ನ ಕೆಟ್ಟ ಹವೆಯಲ್ಲಿ ತಡವಾಗಿ, ಉಡಾವಣೆ ನವೆಂಬರ್ 5ಕ್ಕೆ ಹೋಯಿತು. ಭೂಮಿಯ ಸುತ್ತಲೇ ಕೆಲವು ವಾರ ಕಳೆಯುವುದಿತ್ತಾದ್ದರಿಂದ ಆ ಎಂಟು ದಿನ ಅದರಲ್ಲೇ ಹೊಂದಿಕೊಂಡವು. ಡಿಸೆಂಬರ್ 1ರಂದು ಭೂಮಿಯ ಹಿಡಿತ ಬಿಟ್ಟು ಹೊರಟಿತು.

ಅಂದಹಾಗೆ, ಹಿಂದಿನ ಸಾಲಿನವನ ಪ್ರಶ್ನೆಗೆ ಇನ್ನೊಂದು ಉತ್ತರ ಆಮೇಲೆ ಸಿಕ್ಕಿತು. ಚಂದ್ರಯಾನ-3 ಅಂದು ನಿಜಕ್ಕೂ ತಡವಾಗಿಯೇ ಹೊರಟಿತ್ತು. ಬಾಹ್ಯಾಕಾಶದ ಕಸದ ತುಣುಕೊಂದು ಹತ್ತಿರ ಹಾಯುವಂತಿದ್ದರಿಂದ ಇಸ್ರೋ ಉಡಾವಣೆಯನ್ನು 4 ಸೆಕೆಂಡು ಹಿಂದಕ್ಕೆ ಹಾಕಿತ್ತು.